ಹಾವುಮೀನಿನ ತವರು

ಎಲ್ಲರಿಗೂ ನಮಸ್ಕಾರ.

ಋಷಿಮೂಲ, ನದಿಮೂಲ ಹುಡುಕಬಾರದು ಅಂತ ಹಿರಿಯರು ಹೇಳುತ್ತಿದ್ದರು. ಅದರ ಜೊತೆಗೆ ಹಾವುಮೀನಿನ ಮೂಲವನ್ನೂ ಹುಡುಕಬಾರದು ಅಂತ ಒಂದು ಮಾತು ಸೇರಿಸಿದ್ದರೆ, ಯುರೋಪಿನ ಎಷ್ಟೋ ಪಂಡಿತರ ನಿದ್ದೆ ಉಳಿಯುತ್ತಿತ್ತು. ಈ ಮೀನು ಎಲ್ಲಿ ಹುಟ್ಟುತ್ತದೆ ಅನ್ನುವ ಒಂದೇ ಪ್ರಶ್ನೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಜನರನ್ನು ಕಾಡಿದೆ. ಇವತ್ತು ಮುಖ್ಯವಾಗಿ ಆ ಹುಡುಕಾಟದ ಕಥೆಯನ್ನೇ ಹೇಳುತ್ತೇನೆ.

ಅದಕ್ಕೆ ಮುಂಚೆ ಹೆಸರಿನ ತಕರಾರು ಒಂದಿದೆ. ನಮ್ಮ ಕಡೆ ಉದ್ದಕ್ಕಿದ್ದು ಕೈಗೆ ಸಿಕ್ಕದೆ ಜಾರಿದ್ದೆಲ್ಲ ಹಾವುಮೀನೇ. ಬೆನ್ನ ಮೇಲೆ ಸಾಲಾಗಿ ಮುಳ್ಳಿರುವ, ಚೂಪು ಮೂತಿಯ ಮೀನೊಂದು ಹೊಳೆಯಲ್ಲಿ ಸಿಗುತ್ತದೆ. ಅದೂ ಹಾವುಮೀನು. ಗದ್ದೆಯ ಕೆಸರಿನಲ್ಲಿ ಬಿಲ ಮಾಡಿಕೊಂಡು, ಮೇಲೆ ಬಂದು ಗಾಳಿ ಕುಡಿದು ಹೋಗುವುದು ಇನ್ನೊಂದು, ಅದೂ ಹಾವುಮೀನು. ಇವೆರಡೂ ಒಂದಕ್ಕೊಂದು ನೆಂಟರು ಹೌದು, ಆದರೆ ಇಂಗ್ಲಿಷಿನಲ್ಲಿ ಈಲ್ ಎನ್ನುವ ಅಸಲಿ ಹಾವುಮೀನಿನ ಕುಲಕ್ಕೂ ಇವಕ್ಕೂ ಸಂಬಂಧವಿಲ್ಲ. ಅಮೆಜಾನಿನ ಕರೆಂಟು ಹೊಡೆಯುವ ಮೀನೂ ಅಷ್ಟೆ. 860 ವೋಲ್ಟಿನವರೆಗೆ ಹೊಡೆತ ಕೊಡುವ ಆ ಮೀನಿಗೆ ಎಲೆಕ್ಟ್ರಿಕ್ ಈಲ್ ಎಂಬ ಹೆಸರಿದ್ದರೂ, ಅದು ನಮ್ಮ ಗೆಂಡೆ, ಮುರುಗೋಡುಗಳಿಗೇ ಹತ್ತಿರದ ನೆಂಟ.

ಅಸಲಿ ಕುಲದಲ್ಲಿ ಸುಮಾರು 1000 ಜಾತಿಗಳಿವೆ. ಹೆಚ್ಚುಕಡಿಮೆ ಎಲ್ಲವೂ ಕಡಲಿನವು. ಸಿಹಿನೀರಿಗೆ ಬಂದು ವರ್ಷಗಟ್ಟಲೆ ಬಾಳುವವು ಆಂಗ್ವಿಲ್ಲ ಎಂಬ ಒಂದೇ ಮನೆತನದವು, ಅವು ಬರೀ 16 ಜಾತಿ. ಯುರೋಪಿನದೊಂದು, ಅಮೆರಿಕದ್ದೊಂದು, ಜಪಾನಿನದೊಂದು, ನ್ಯೂಜಿಲೆಂಡಿನಲ್ಲಿ ನೂರು ವರ್ಷ ಬದುಕಬಲ್ಲದ್ದೊಂದು, ಹೀಗೆ. ನಮ್ಮ ದೇಶದ ನದಿಗಳಲ್ಲೂ ಈ ಮನೆತನದವು ಎರಡಿವೆ. ಅವುಗಳ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಈಗ ಕಥೆ. ಅರಿಸ್ಟಾಟಲ್ ಹಾವುಮೀನು ಕೆಸರಿನಿಂದ ತಾನಾಗಿ ಹುಟ್ಟುತ್ತದೆ ಎಂದ. ರೋಮಿನ ಪಂಡಿತ ಪ್ಲಿನಿ ಅದು ಬಂಡೆಗೆ ಮೈ ಉಜ್ಜಿದಾಗ ಉದುರಿದ ಚೂರುಗಳೇ ಮರಿಗಳಾಗುತ್ತವೆ ಎಂದ. ಕಾಲೇಜಿನಲ್ಲಿ ಪಾಠ ಮಾಡುವಾಗ ಹುಡುಗರು ಇದಕ್ಕೆ ಜೋರಾಗಿ ನಗುತ್ತಿದ್ದರು. ನಾನು ನಗಬೇಡಿ ಎನ್ನುತ್ತಿದ್ದೆ. ಅರಿಸ್ಟಾಟಲ್ ಕಣ್ಣಾರೆ ನೋಡಿದ್ದು ಸರಿಯಾಗಿಯೇ ಇತ್ತು. ಬೇರೆ ಯಾವ ಮೀನನ್ನು ಸೀಳಿದರೂ ಕಾಲಕಾಲಕ್ಕೆ ಮೊಟ್ಟೆ ಸಿಗುತ್ತದೆ, ಹಾಲು, ಅಂದರೆ ಗಂಡಿನ ವೀರ್ಯ, ಸಿಗುತ್ತದೆ. ಹೊಳೆಯಲ್ಲಿ ಹಿಡಿದ ಹಾವುಮೀನಿನಲ್ಲಿ ಎರಡೂ ಇರುವುದಿಲ್ಲ. ಯಾಕೆಂದರೆ ಹೊಳೆಯಲ್ಲಿರುವಷ್ಟು ಕಾಲ ಅದು ಪ್ರಾಯಕ್ಕೇ ಬಂದಿರುವುದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ತಿಂದು ಕೊಬ್ಬಿದರೂ ಈ ವಿಷಯದಲ್ಲಿ ಅದಿನ್ನೂ ಮಗು.

1777ರಲ್ಲಿ ಇಟಲಿಯ ಕಾರ್ಲೊ ಮೊಂದಿನಿ ಹೆಣ್ಣಿನ ಅಂಡಾಶಯವನ್ನು ಗುರುತಿಸಿದ. ಗಂಡಿನದು ಸಿಗಲು ಇನ್ನೂ ನೂರು ವರ್ಷ ಬೇಕಾಯಿತು. 1874ರಲ್ಲಿ ಸಿರ್ಸ್ಕಿ ಎಂಬ ಪೋಲಿಷ್ ವಿಜ್ಞಾನಿ, ಸಣ್ಣ ಗಾತ್ರದ ಹಾವುಮೀನುಗಳಲ್ಲಿ ಒಂದು ಅಂಗವನ್ನು ನೋಡಿ, ಇದೇ ವೃಷಣ ಇರಬೇಕು ಎಂದ. ಅದು ನಿಜವೇ ಎಂದು ತಾಳೆ ನೋಡಲು ವಿಯೆನ್ನಾದಿಂದ ಒಬ್ಬ ವಿದ್ಯಾರ್ಥಿಯನ್ನು 1876ರಲ್ಲಿ ಆಡ್ರಿಯಾಟಿಕ್ ತೀರದ ಟ್ರಿಯೆಸ್ಟ್ ಊರಿಗೆ ಕಳಿಸಿದರು. ಹುಡುಗ ಸುಮಾರು 400 ಹಾವುಮೀನುಗಳನ್ನು ಕೊಯ್ದ. ಸಿರ್ಸ್ಕಿ ಹೇಳಿದ ಅಂಗ ಸಿಕ್ಕಿತು, ಆದರೆ ಅದು ವೃಷಣವೇ ಹೌದು ಎಂದು ಎದೆ ತಟ್ಟಿ ಹೇಳುವಂಥ ಪುರಾವೆ ಸಿಗಲಿಲ್ಲ. ಹಾಗೆಂದೇ ಪ್ರಾಮಾಣಿಕವಾಗಿ ವರದಿ ಬರೆದ. ಆ ಹುಡುಗನ ಹೆಸರು ಸಿಗ್ಮಂಡ್ ಫ್ರಾಯ್ಡ್. ಮುಂದೆ ಅವನು ಮೀನು ಬಿಟ್ಟು ಮನುಷ್ಯರ ಮನಸ್ಸು ಹಿಡಿದ. ಈ ಮೀನಿಗೂ ಅವನ ಮುಂದಿನ ಸಿದ್ಧಾಂತಗಳಿಗೂ ಗಂಟು ಹಾಕಿ ತಮಾಷೆ ಮಾಡುವವರು ಬಹಳ ಇದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. 400 ಮೀನು ಕೊಯ್ದ ಮೇಲೂ "ಖಚಿತವಿಲ್ಲ" ಎಂದು ಬರೆದನಲ್ಲ, ಅದು ನನಗೆ ಇಷ್ಟ.

ಇದೆಲ್ಲ ನಡೆಯುತ್ತಿದ್ದಾಗ ಬೇರೊಂದು ಕಡೆ ಉತ್ತರದ ಅರ್ಧ ಗಾಜಿನ ಸೀಸೆಯೊಳಗೇ ಕುಳಿತಿತ್ತು. 1856ರಲ್ಲಿ ಜರ್ಮನಿಯ ಕೌಪ್ ಎಂಬಾತ ಕಡಲಿನ ಪುಟ್ಟ ಜೀವಿಯೊಂದನ್ನು ಹೊಸ ಜಾತಿಯ ಮೀನು ಎಂದು ವರ್ಣಿಸಿ, ಲೆಪ್ಟೊಸೆಫಾಲಸ್ ಎಂಬ ಹೆಸರಿಟ್ಟಿದ್ದ. ಬಿದಿರೆಲೆಯ ಆಕಾರ, ಗಾಜಿನಷ್ಟು ಪಾರದರ್ಶಕ, ತಲೆ ಕಡ್ಡಿತುದಿಯಷ್ಟು. ಅದನ್ನು ಪುಸ್ತಕದ ಮೇಲಿಟ್ಟರೆ ಕೆಳಗಿನ ಅಕ್ಷರ ಓದಬಹುದು. ಇದಕ್ಕೂ ಕಡುಬಣ್ಣದ, ಹಗ್ಗದಂಥ ಹಾವುಮೀನಿಗೂ ನಂಟಿದೆ ಎಂದು ಯಾರು ಊಹಿಸಬೇಕು? 1890ರ ದಶಕದಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಕಾಲಂದ್ರೂಚೊ, ಮೆಸ್ಸಿನಾ ಜಲಸಂಧಿಯಲ್ಲಿ ಸಿಕ್ಕ ಈ ಎಲೆಮರಿಗಳು ಕುಗ್ಗಿ, ದುಂಡಗಾಗಿ, ಹಾವುಮೀನಿನ ಮರಿಯಾಗುವುದನ್ನು ತೋರಿಸಿದರು. ಹೌದು, ಮಲೇರಿಯಾ ಸೊಳ್ಳೆಯ ವಿಷಯಕ್ಕೆ ರೊನಾಲ್ಡ್ ರಾಸ್ ಜೊತೆ ಜಗಳವಾಡಿದ ಗ್ರಾಸ್ಸಿಯೇ ಇವನು. ನಮ್ಮ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ರಾಸ್‌ಗೆ ನೊಬೆಲ್ ಬಂತು, ಗ್ರಾಸ್ಸಿಗೆ ಬರಲಿಲ್ಲ. ಆ ಪಂಚಾಯಿತಿ ಇನ್ನೊಂದು ದಿನಕ್ಕಿರಲಿ.

ಮರಿ ಸಿಕ್ಕಿತು. ಹುಟ್ಟೂರು? ಇಲ್ಲಿಗೆ ಡೆನ್ಮಾರ್ಕಿನ ಯೊಹಾನೆಸ್ ಶ್ಮಿತ್ ಬರುತ್ತಾನೆ. ನನ್ನ ಮಟ್ಟಿಗೆ ಈ ಕಥೆಯ ನಾಯಕ ಅವನೇ. 1904ರಲ್ಲಿ ಫೆರೋ ದ್ವೀಪಗಳ ಪಶ್ಚಿಮಕ್ಕೆ, 'ಥೋರ್' ಎಂಬ ಹಡಗಿನಲ್ಲಿ ಬೇರೆ ಮೀನುಗಳ ಸಮೀಕ್ಷೆ ಮಾಡುತ್ತಿದ್ದಾಗ, ಏಳೂವರೆ ಸೆಂಟಿಮೀಟರಿನ ಒಂದು ಎಲೆಮರಿ ಅವನ ಬಲೆಗೆ ಬಿತ್ತು. ಅಲ್ಲಿಯವರೆಗೆ ಎಲ್ಲರೂ ಇವು ಮೆಡಿಟರೇನಿಯನ್ನಿನಲ್ಲೇ ಹುಟ್ಟುತ್ತವೆ ಎಂದುಕೊಂಡಿದ್ದರು. ಹಾಗಾದರೆ ಅಟ್ಲಾಂಟಿಕ್ಕಿನ ಮಧ್ಯೆ ಇದಕ್ಕೇನು ಕೆಲಸ?

ಶ್ಮಿತ್‌ನ ತರ್ಕ ನಮ್ಮ ಮನೆಯ ಹೆಂಗಸರು ಇರುವೆ ಸಾಲು ಹಿಡಿದು ಬೆಲ್ಲದ ಡಬ್ಬಿ ಪತ್ತೆ ಮಾಡುವಷ್ಟು ಸರಳ. ದೊಡ್ಡ ಮರಿ ಅಂದರೆ ಹುಟ್ಟೂರಿನಿಂದ ಬಹಳ ದೂರ ಬಂದದ್ದು. ಸಣ್ಣದು ಸಿಗುವ ಕಡೆ ಹೋಗು. ಅದಕ್ಕಿಂತ ಸಣ್ಣದು ಸಿಗುವ ಕಡೆ ಇನ್ನೂ ಮುಂದಕ್ಕೆ ಹೋಗು. ಹೇಳಲು ಸುಲಭ. ಅಟ್ಲಾಂಟಿಕ್ ಸಾಗರದಲ್ಲಿ ಬಲೆ ಎಳೆಯುತ್ತಾ, ಬೆರಳುದ್ದದ ಗಾಜಿನ ಚೂರುಗಳನ್ನು ಅಳೆಯುತ್ತಾ ಹೀಗೆ ಹೋಗಲು ಅವನಿಗೆ ಹದಿನೆಂಟು ವರ್ಷ ಹಿಡಿಯಿತು. ಸ್ವಂತ ಹಡಗು ಸಾಲದೆ, ಸರಕು ಹಡಗುಗಳವರ ಕೈಗೂ ಬಲೆ ಕೊಟ್ಟು, ಹೋಗುವ ದಾರಿಯಲ್ಲಿ ಎಳೆದು ಸಿಕ್ಕಿದ್ದನ್ನು ಕಳಿಸಿ ಎಂದು ಕೇಳಿಕೊಂಡ. 1913ರಲ್ಲಿ ತೆಗೆದುಕೊಂಡು ಹೋದ ಹಾಯಿಹಡಗು ವೆಸ್ಟ್ ಇಂಡೀಸಿನಲ್ಲಿ ಒಡೆದುಹೋಯಿತು. ಮುಂದಿನ ವರ್ಷ ಮಹಾಯುದ್ಧವೇ ಬಂತು. ಯುದ್ಧ ಮುಗಿಯುತ್ತಲೇ 1920ರಲ್ಲಿ 'ಡಾನಾ' ಎಂಬ ಹಡಗಿನಲ್ಲಿ ಮತ್ತೆ ಹೊರಟ. ಅವನ ಬೆನ್ನಿಗಿದ್ದದ್ದು ಕಾರ್ಲ್ಸ್‌ಬರ್ಗ್, ಬಿಯರ್ ಕಂಪನಿಯೇ. ಅದರ ಪ್ರಯೋಗಾಲಯದಲ್ಲಿ ಅವನು ವಿಭಾಗದ ಮುಖ್ಯಸ್ಥನಾಗಿದ್ದ.

ಪಶ್ಚಿಮಕ್ಕೆ, ನೈಋತ್ಯಕ್ಕೆ ಹೋದಂತೆ ಮರಿಗಳು ಕಿರಿದಾಗುತ್ತಾ ಹೋದವು. ಕೊನೆಗೆ ಐದಾರು ಮಿಲಿಮೀಟರಿನವು ಸಿಕ್ಕ ಜಾಗ ಸರ್ಗಾಸೊ ಸಮುದ್ರ. ಬರ್ಮುಡಾದ ಸುತ್ತಮುತ್ತ ಹರಡಿರುವ ಈ ಸಮುದ್ರಕ್ಕೆ ದಡವೇ ಇಲ್ಲ. ನಾಲ್ಕು ಕಡೆಯೂ ಸಾಗರದ ಪ್ರವಾಹಗಳೇ ಅದರ ಬೇಲಿ, ಮೇಲೆಲ್ಲ ಕಂದು ಬಣ್ಣದ ಕಡಲಪಾಚಿ ತೇಲುತ್ತಿರುತ್ತದೆ. ಡೆನ್ಮಾರ್ಕಿನ ತೋಡಿನಲ್ಲಿ, ಇಟಲಿಯ ಕೆರೆಯಲ್ಲಿ, ಐರ್ಲೆಂಡಿನ ಹೊಳೆಯಲ್ಲಿ ಇರುವ ಹಾವುಮೀನುಗಳೆಲ್ಲ ಹುಟ್ಟಿದ್ದು ಅಲ್ಲಿ.

ನಮ್ಮ ಮಲೆನಾಡಿನವರಿಗೆ ಇದು ಸ್ವಲ್ಪ ತಿರುಗುಮುರುಗು ಅನಿಸಬೇಕು. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಹತ್ತುಮೀನು ನಾವು ಕಂಡದ್ದು. ಟಾರ್ಚು, ಕತ್ತಿ ಹಿಡಿದು ಗದ್ದೆ ಬದುವಿನಲ್ಲಿ ರಾತ್ರಿಯೆಲ್ಲ ನೆನೆದವರು ಈ ಸಭೆಯಲ್ಲೇ ಇದ್ದೀರಿ. ಹಾವುಮೀನು ಹತ್ತುವುದು ಊಟಕ್ಕೆ, ಇಳಿಯುವುದು ಹೆರಿಗೆಗೆ. ಎಲೆಮರಿ ಪ್ರವಾಹದಲ್ಲಿ ತೇಲುತ್ತಾ ಯುರೋಪಿನ ಅಂಚಿಗೆ ಬಂದು, ಬಣ್ಣವಿಲ್ಲದ ಗಾಜುಮರಿಯಾಗುತ್ತದೆ. ನದಿಬಾಯಿಯಲ್ಲಿ ಸಿಹಿನೀರಿನ ವಾಸನೆ ಹಿಡಿದು ಒಳಗೆ ಬರುತ್ತದೆ. ಒದ್ದೆ ಇದ್ದರೆ ನೆಟ್ಟನೆಯ ಬಂಡೆಯನ್ನೂ ಮೈಯಂಟಿಸಿ ಹತ್ತುತ್ತದೆ. ಆಮೇಲೆ ಹಳದಿ ಹೊಟ್ಟೆಯ, ನಿಧಾನವಾಗಿ ಬೆಳೆಯುವ, ರಾತ್ರಿ ತಿರುಗಿ ಹಗಲು ಮಲಗುವ ಗೃಹಸ್ಥ. ಗಂಡೋ ಹೆಣ್ಣೋ ಎಂಬುದೂ ಹುಟ್ಟುವಾಗಲೇ ತೀರ್ಮಾನವಾಗಿರುವುದಿಲ್ಲ. ಒಂದೇ ಕಡೆ ಕಿಕ್ಕಿರಿದು ಬೆಳೆದರೆ ಹೆಚ್ಚಿನವು ಗಂಡಾಗುತ್ತವೆ.

ಒಂದು ವರ್ಷ ಇದ್ದಕ್ಕಿದ್ದಂತೆ ಅದರ ಹೊಟ್ಟೆ ಬೆಳ್ಳಗಾಗುತ್ತದೆ, ಬೆನ್ನು ಕಪ್ಪಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ. ಊಟ ಬಿಡುತ್ತದೆ, ಕರುಳೇ ಕುಗ್ಗಿಹೋಗುತ್ತದೆ. ಶರತ್ಕಾಲದ ಕತ್ತಲ ರಾತ್ರಿ, ನೆರೆ ಬಂದಾಗ ಹೊಳೆ ಇಳಿದು ಹೊರಡುತ್ತದೆ. ಮುಂದೆ 5000 ಕಿಲೋಮೀಟರಿಗೂ ಹೆಚ್ಚು ದಾರಿ, ಬುತ್ತಿ ಅಂದರೆ ಮೈಯಲ್ಲಿರುವ ಕೊಬ್ಬು ಅಷ್ಟೆ. ರಾತ್ರಿ 200-300 ಮೀಟರ್ ಆಳದಲ್ಲಿ, ಹಗಲು ಇನ್ನೂ ಕೆಳಗೆ 600-700 ಮೀಟರ್ ಆಳದಲ್ಲಿ ಈಜುತ್ತದೆ. ಹೋಗಿ, ಮೊಟ್ಟೆ ಇಟ್ಟು, ಸಾಯುತ್ತದೆ ಎಂದು ನಂಬಿಕೆ. ನಂಬಿಕೆ ಎಂದೆ, ಯಾಕೆಂದರೆ ಸರ್ಗಾಸೊದಲ್ಲಿ ಅವು ಕೂಡುವುದನ್ನಾಗಲಿ, ಅಲ್ಲಿ ಅವುಗಳ ಒಂದೇ ಒಂದು ಮೊಟ್ಟೆಯನ್ನಾಗಲಿ ಇದುವರೆಗೆ ಯಾರೂ ಕಂಡಿಲ್ಲ. ಅಜೋರ್ಸ್ ದ್ವೀಪಗಳ ಬಳಿ ಉಪಗ್ರಹಕ್ಕೆ ಸುದ್ದಿ ಕಳಿಸುವ ಪಟ್ಟಿ ಕಟ್ಟಿ ಬಿಟ್ಟ ಹೆಣ್ಣುಗಳಲ್ಲಿ ಕೆಲವು ಸರ್ಗಾಸೊ ಮುಟ್ಟಿದವು ಎಂಬ ವರದಿ ಬಂದದ್ದೇ 2022ರಲ್ಲಿ. ಶ್ಮಿತ್ ತನ್ನ ಪ್ರಬಂಧ ಬರೆದು ಆಗಲೇ ನೂರು ವರ್ಷವಾಗಿತ್ತು.

ಈ ವಿಷಯದಲ್ಲಿ ಜಪಾನಿನವರು ಒಂದು ಹೆಜ್ಜೆ ಮುಂದೆ. ತ್ಸುಕಾಮೊಟೊ ಎಂಬ ವಿಜ್ಞಾನಿಯ ತಂಡ ದಶಕಗಟ್ಟಲೆ ಪೆಸಿಫಿಕ್ ಸಾಗರವನ್ನು ಜಾಲಾಡಿ, 2009ರ ಮೇ ತಿಂಗಳಲ್ಲಿ ಮರಿಯಾನಾ ದ್ವೀಪಗಳ ಪಶ್ಚಿಮಕ್ಕಿರುವ ಮುಳುಗುಬೆಟ್ಟಗಳ ಹತ್ತಿರ ಜಪಾನಿ ಹಾವುಮೀನಿನ ಮೊಟ್ಟೆಗಳನ್ನು ಹಿಡಿಯಿತು. ಎಷ್ಟು ಅಂತೀರಿ? 31. ಒಂದೊಂದೂ ಸಾಸಿವೆ ಕಾಳಿನಷ್ಟು. ಅಮಾವಾಸ್ಯೆ ಹತ್ತಿರ ಬಂದಾಗ ಅವು ಮೊಟ್ಟೆ ಇಡುತ್ತವೆ, ಒಂದೂವರೆ ದಿನದಲ್ಲಿ ಒಡೆಯುತ್ತವೆ ಎಂದು ಲೆಕ್ಕ ಹಾಕಿ, ಪಂಚಾಂಗ ನೋಡಿದ ಹಾಗೆ ದಿನ ನೋಡಿ ಹಡಗು ನಿಲ್ಲಿಸಿದ್ದಕ್ಕೆ ಸಿಕ್ಕಿದ್ದು.

ಇಷ್ಟು ಕಷ್ಟಪಟ್ಟು ಕಡಲಿಗೇ ಯಾಕೆ ಹೋಗಬೇಕು? 2010ರಲ್ಲಿ ವಂಶವಾಹಿಗಳನ್ನು ಹೋಲಿಸಿದಾಗ ಒಂದು ಸುಳಿವು ಸಿಕ್ಕಿತು. ಹೊಳೆಯ ಹಾವುಮೀನಿಗೆ ಹತ್ತಿರದ ನೆಂಟರು ದಡದ ಬಂಡೆಗಳಲ್ಲಿರುವ ಹಾವುಮೀನುಗಳಲ್ಲ, ಕಡಲಾಳದ ಕತ್ತಲಲ್ಲಿ ತೇಲುವ, ಮೈಗಿಂತ ಬಾಯಿಯೇ ದೊಡ್ಡದಾದ ವಿಚಿತ್ರ ಮೀನುಗಳು. ಅಂದರೆ ಇದು ಮೂಲತಃ ಆಳಗಡಲಿನ ಜೀವಿ. ಹೊಳೆಗೆ ಬಂದದ್ದು ಬಾಡಿಗೆ ಮನೆಗೆ ಬಂದ ಹಾಗೆ. ಬಾಣಂತನಕ್ಕೆ ತವರಿಗೇ ಹೋಗಬೇಕು.

ಬಂಡೆಯ ಹಾವುಮೀನು ಎಂದೆನಲ್ಲ, ಮೊರೇ ಅಂತಾರೆ, ಸುಮಾರು 200 ಜಾತಿ. ಅದರ ಬಾಯೊಳಗೆ, ಗಂಟಲಲ್ಲಿ, ಇನ್ನೊಂದು ಜೊತೆ ದವಡೆ ಇದೆ. ಮುಂದಿನ ಹಲ್ಲು ಬೇಟೆಯನ್ನು ಹಿಡಿದ ಕೂಡಲೇ ಆ ಒಳದವಡೆ ಮುಂದಕ್ಕೆ ಬಂದು ಕಚ್ಚಿ ಒಳಗೆಳೆಯುತ್ತದೆ. 2007ರಲ್ಲಿ ಇದನ್ನು ಚಿತ್ರೀಕರಿಸಿ ತೋರಿಸಿದರು. ರೋಮನ್ ಶ್ರೀಮಂತ ವೇದಿಯಸ್ ಪೊಲ್ಲಿಯೊ ತಪ್ಪು ಮಾಡಿದ ಗುಲಾಮರನ್ನು ಇವುಗಳ ಕೊಳಕ್ಕೆ ಎಸೆಯುತ್ತಿದ್ದ ಎಂದು ಹಳೆಯ ಬರಹಗಳಲ್ಲಿದೆ. ಇನ್ನೊಂದು ತುದಿಯಲ್ಲಿ ಬಹಳ ಅಂಜುಕುಳಿ ಜಾತಿಗಳೂ ಇವೆ. ಮರಳಲ್ಲಿ ಅರ್ಧ ಮೈ ಹೂತುಕೊಂಡು, ಗಾಳಿಗೆ ಬಾಗಿದ ಪೈರಿನಂತೆ ಪ್ರವಾಹಕ್ಕೆ ಮುಖ ಮಾಡಿ ನಿಲ್ಲುವ ತೋಟದ ಹಾವುಮೀನುಗಳು. 2020ರ ಕೊರೋನಾದಲ್ಲಿ ಟೋಕಿಯೊದ ಸುಮಿದಾ ಮತ್ಸ್ಯಾಲಯ ಮುಚ್ಚಿದಾಗ, ಅಲ್ಲಿನ ಸುಮಾರು 300 ತೋಟದ ಹಾವುಮೀನುಗಳು ಮನುಷ್ಯರ ಮುಖ ಮರೆತು, ಸಿಬ್ಬಂದಿ ಕಂಡರೂ ಮರಳಿಗಿಳಿಯತೊಡಗಿದವು. ಕೊನೆಗೆ ಜನರಿಗೆ ಮನೆಯಿಂದಲೇ ವೀಡಿಯೊ ಕರೆ ಮಾಡಿ ಮುಖ ತೋರಿಸಿ ಎಂದು ಕೇಳಿಕೊಳ್ಳಬೇಕಾಯಿತು.

ಜಪಾನಿನಲ್ಲಿ ಬೇಸಗೆಯ ಸೆಕೆ ತಾಳಲು ಜುಲೈ ಕೊನೆಯ ಒಂದು ಗೊತ್ತಾದ ದಿನ ಸುಟ್ಟ ಹಾವುಮೀನು ತಿನ್ನುವ ರೂಢಿ ಇದೆ, ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಗೆ ಹಾಲೆಮರದ ಕಷಾಯ ಕುಡಿಯುವ ಹಾಗೆ. ಸಾಕಣೆ ಕೊಳಗಳಿವೆ, ಆದರೆ ಅಲ್ಲಿ ಬೆಳೆಸುವ ಮರಿಗಳು ಬರುವುದು ನದಿಬಾಯಿಗಳಿಂದಲೇ. 2010ರಲ್ಲಿ ಜಪಾನಿನ ಪ್ರಯೋಗಾಲಯದಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗೆ ಪೂರ್ತಿ ಸುತ್ತು ಸಾಧಿಸಿದರೂ, ಮಾರುಕಟ್ಟೆಗೆ ಸಾಕಾಗುವಷ್ಟು ಮಾಡಲು ಆಗಿಲ್ಲ. ಹಾಗಾಗಿ ಗಾಜುಮರಿಗೆ ಬಂಗಾರದ ಬೆಲೆ. 2010ರಲ್ಲಿ ಯುರೋಪ್ ರಫ್ತು ನಿಲ್ಲಿಸಿತು. ಆಮೇಲೂ ಸೂಟ್‌ಕೇಸಿನಲ್ಲಿ ನೀರಿನ ಚೀಲ ತುಂಬಿಸಿ ವಿಮಾನದಲ್ಲಿ ಪೂರ್ವಕ್ಕೆ ಸಾಗಿಸುವವರು ಸಿಕ್ಕಿಬೀಳುತ್ತಲೇ ಇದ್ದಾರೆ. 1980ಕ್ಕೆ ಹೋಲಿಸಿದರೆ ಈಗ ಯುರೋಪಿನ ತೀರಕ್ಕೆ ಬರುವ ಮರಿಗಳು ನೂರಕ್ಕೆ ಹತ್ತೂ ಇಲ್ಲ.

ಕಳ್ಳಸಾಗಣೆಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಅಣೆಕಟ್ಟಿನ ಸುದ್ದಿ ಬರುವುದಿಲ್ಲ. ಈಗ ನಮ್ಮ ನದಿಗೆ ಬರೋಣ. ತುಂಗೆ ಹುಟ್ಟುವ ಗಂಗಡಿಕಲ್ಲಿನಿಂದ ಅರಬ್ಬಿ ಸಮುದ್ರ ಕೂಗಳತೆಯಲ್ಲಿದ್ದಂತಿದೆ, ಆದರೆ ತುಂಗೆಯ ನೀರು ಸೇರುವುದು ಬಂಗಾಳ ಕೊಲ್ಲಿಯನ್ನು. ತೀರ್ಥಹಳ್ಳಿಯ ರಾಮತೀರ್ಥದ ಮಡುವಿಗೆ ಒಂದು ಅಸಲಿ ಹಾವುಮೀನಿನ ಮರಿ ಕಡಲಿನಿಂದ ಬರಬೇಕಾದರೆ, ವಿಜಯವಾಡದ ಪ್ರಕಾಶಂ ಬ್ಯಾರೇಜು, ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲಂ, ಸುಂಕೇಸುಲ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು, ಕೊನೆಗೆ ಗಾಜನೂರು, ಇಷ್ಟನ್ನೂ ದಾಟಬೇಕು. ಬೆರಳುದ್ದದ ಮರಿ ಒದ್ದೆ ಗೋಡೆ ಹತ್ತಬಲ್ಲದು ನಿಜ, ಆದರೆ ನಾಗಾರ್ಜುನಸಾಗರವನ್ನಲ್ಲ. ಒಂದು ವೇಳೆ ಬಂದರೂ, ವಾಪಸು ಹೋಗುವಾಗ ಮಾರುದ್ದದ ಮೈಗೆ ಟರ್ಬೈನು ಕಾದಿರುತ್ತದೆ. ಪಶ್ಚಿಮಕ್ಕೆ ಹರಿಯುವ ಗಿಡ್ಡ ನದಿಗಳಲ್ಲಿ ದಾರಿ ಹತ್ತಿರ. ಅಲ್ಲೂ ಪ್ರತಿ ಕಿಂಡಿ ಅಣೆಕಟ್ಟು ಒಂದು ಬಾಗಿಲು. ಹಲಗೆ ಹಾಕುವ, ತೆಗೆಯುವ ದಿನವನ್ನು ತೋಟದ ನೀರು ನೋಡಿ ತೀರ್ಮಾನಿಸುತ್ತೇವೆ, ಮೀನು ನೋಡಿ ಅಲ್ಲ.

ನಮ್ಮ ಈ ಹಾವುಮೀನುಗಳು ಹಿಂದೂ ಮಹಾಸಾಗರದಲ್ಲಿ ಯಾವ ಜಾಗದಲ್ಲಿ ಮೊಟ್ಟೆ ಇಡುತ್ತವೆ ಎಂಬುದು ಇನ್ನೂ ಖಚಿತವಾಗಿ ಗೊತ್ತಾಗಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಕಾಲೇಜು ಮಕ್ಕಳು ಕೇಳಿಸಿಕೊಂಡಿರಿ ಅಂದುಕೊಳ್ಳುತ್ತೇನೆ.

ಇನ್ನು ಪ್ರಶ್ನೆ ಇದ್ದವರು ಕೇಳಬಹುದು. ಹಾವುಮೀನಿನ ಸಾರಿಗೆ ಹುಣಸೆಹುಳಿಯೋ ವಾಟೆಹುಳಿಯೋ ಎಂದು ಮಾತ್ರ ನನ್ನನ್ನು ಕೇಳಬೇಡಿ. ಮುಂದಿನ ಸಾಲಿನಲ್ಲಿ ಕುಳಿತ ಅಮ್ಮಂದಿರಿದ್ದಾರೆ.