ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,490 ಅಡಿ ಎತ್ತರದಲ್ಲಿದೆ. ಊರಿನಿಂದ ಲೆಕ್ಕ ಹಾಕಿದರೆ ಸಾವಿರ ಅಡಿಗೆ ಹತ್ತಿರ. ಮೆಟ್ಟಿಲೂ ಸಾವಿರ ಅನ್ನುತ್ತಾರೆ. ಎಣಿಸಿದವರ ಲೆಕ್ಕ ಮಾತ್ರ ಒಬ್ಬರದು ಒಬ್ಬರಿಗೆ ಕೂಡುವುದಿಲ್ಲ. ಅರ್ಧ ಸವೆದ ಕಲ್ಲನ್ನು ಒಬ್ಬರು ಮೆಟ್ಟಿಲೆಂದರೆ ಇನ್ನೊಬ್ಬರು ಬಿಟ್ಟು ನಡೆಯುತ್ತಾರೆ.

ಹೊಸಬರು ಸೋಲುವುದು ಮೊದಲ ಇನ್ನೂರು ಮೆಟ್ಟಿಲಲ್ಲೇ. ಬೆಳಗಿನ ತಂಪು, ಕಾಲಲ್ಲಿ ಹುರುಪು. ಬೆಟ್ಟದ ಪಾದದಿಂದಲೇ ದಡದಡ ಹತ್ತಿಬಿಡುತ್ತಾರೆ. ಇಲ್ಲಿನ ಮೆಟ್ಟಿಲುಗಳೋ ಒಂದರ ಎತ್ತರ ಒಂದಕ್ಕಿಲ್ಲ. ಕಾಲಿಗೆ ಲಯ ಸಿಗುವ ಮೊದಲೇ ಏದುಸಿರು ಬಂದು, ಮೀನಖಂಡ ಬಿಗಿಯುತ್ತದೆ. ಪಕ್ಕದವರ ಜೊತೆ ಮಾತಾಡುತ್ತಾ ಹತ್ತಲು ಆಗುತ್ತಿದೆಯೇ ನೋಡಿಕೊಳ್ಳಿ. ಮಾತು ತುಂಡಾದರೆ ನಿಮ್ಮ ನಡಿಗೆ ಜೋರಾಯಿತೆಂದು ಅರ್ಥ. ನಿಧಾನವಾಗಿ ಹೋದರೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಮೇಲಿರುತ್ತೀರಿ. ದಣಿವಾದರೆ ನಿಂತೇ ಸುಧಾರಿಸಿಕೊಳ್ಳಿ. ತುಂಬಾ ಹೊತ್ತು ಕೂತರೆ ಕಾಲು ಜಡವಾಗುತ್ತದೆ.

ಸುಮಾರು ಏಳುನೂರು ಮೆಟ್ಟಿಲಾದ ಮೇಲೆ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಅಂದರೆ 17ನೇ ಶತಮಾನದ್ದು. ಒಂದೇ ಕಲ್ಲು, ಎತ್ತರ ಹದಿನೈದು ಅಡಿಗೂ ಮೇಲು. ಹತ್ತಿರ ಹೋಗಿ ಕೊರಳು ನೋಡಿ: ಗಂಟೆಸರದ ಒಂದೊಂದು ಗಂಟೆಯನ್ನೂ ಬಿಡಿಬಿಡಿಯಾಗಿ ಕಡೆದಿದ್ದಾರೆ. ನೀರು ಕುಡಿಯಲು ಇದೇ ಸರಿಯಾದ ಜಾಗ. ತಲೆಗೆ ಅರ್ಧ ಲೀಟರ್ ಸಾಕು, ಆದರೆ ಬಾಟಲಿ ಬೆನ್ನಚೀಲದೊಳಗಿರಲಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿಗೆ ಅದು ಬಾಳೆಹಣ್ಣೇ. ಒಳಗಿರುವುದು ನಿಮ್ಮ ಕನ್ನಡಕವಾದರೂ ಸರಿ.

ನೋಟದ ಮಾತಿಗೆ ಬಂದರೆ, ತುದಿಗಿಂತ ನಡುದಾರಿಯೇ ಮೇಲು. ತುದಿಯಲ್ಲಿ ಗುಡಿ, ಅಂಗಡಿಸಾಲು, ಜನ. ಕುರುಚಲು ಕಾಡು ಬಾಯಿಬಿಟ್ಟ ಕಡೆಗಳಲ್ಲಿ ಮೆಟ್ಟಿಲ ಅಂಚಿಗೆ ನಿಂತು ತಿರುಗಿ ನೋಡಿದರೆ ಲಲಿತಮಹಲಿನ ಬಿಳಿ ಗುಮ್ಮಟ, ಕಾರಂಜಿ ಕೆರೆ, ಅರಮನೆ ಎಲ್ಲ ಗುರುತು ಸಿಗುತ್ತವೆ. ಮಳೆ ಹೊಯ್ದು ಬಿಟ್ಟ ಮರುದಿನ ದೂಳು ಕೂತಿರುತ್ತದೆ, ಆಗ ಬನ್ನಿ. ಡಿಸೆಂಬರ್‌ನಲ್ಲಿ ಬೇಗ ಹತ್ತಿದವರಿಗೆ ಬರೀ ಮಂಜು ಕಾಣುವುದೇ ಹೆಚ್ಚು. ಬೇಸಿಗೆಯಲ್ಲಾದರೆ ಹತ್ತು ಗಂಟೆಯೊಳಗೆ ಇಳಿದುಬಿಡಿ, ಬರಿಗಾಲಿನವರಂತೂ ಖಂಡಿತ. ಕಲ್ಲು ಕಾದ ಹೆಂಚಾಗುತ್ತದೆ.

ಆಷಾಢ ಶುಕ್ರವಾರದ ಸಂಗತಿಯೇ ಬೇರೆ. ಹರಕೆ ಹೊತ್ತವರು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಾರೆ. ಅದರ ಮೇಲೆ ಸೋನೆಮಳೆ ಬಿದ್ದರೆ ಕಲ್ಲು ಜಾರುಬಂಡೆಯೇ ಸರಿ. ಅಡಿ ಸವೆದ ಚಪ್ಪಲಿ ಅವತ್ತು ಬೇಡ. ಕುಂಕುಮವಿಲ್ಲದ ಅಂಚು ನೋಡಿ ಕಾಲಿಡಿ, ಪೂಜೆ ಮಾಡುತ್ತಿರುವವರನ್ನು ದಾಟಬೇಡಿ.

ಮೊಣಕಾಲಿಗೆ ಪೆಟ್ಟು ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಧೊಪ್ಪನೆ ಬೀಳುತ್ತದೆ. ಮಂಡಿ ಸ್ವಲ್ಪ ಬಾಗಿರಲಿ, ಪಾದ ಓರೆಯಾಗಿ ಪೂರ್ತಿ ಊರಲಿ. ಮಂಡಿನೋವು ಮೊದಲೇ ಇದ್ದವರು ಹತ್ತುವುದಷ್ಟನ್ನೇ ಕಾಲಲ್ಲಿ ಮಾಡಿ, ವಾಪಸ್ಸು ಸಿಟಿ ಬಸ್ಸಿಗೆ ಬನ್ನಿ. ಬಸ್ಸು ಮೇಲಿನಿಂದಲೇ ಹೊರಡುತ್ತದೆ.

ನಮಸ್ಕಾರ.