ಬ್ಯಾರನೆಟ್‌ನ ಸಾಲ, ಕ್ಯಾಪ್ಟನ್‌ನ ದುಡ್ಡು

ಎಲ್ರಿಗೂ ನಮಸ್ಕಾರ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅಂದ ತಕ್ಷಣ ಎಲ್ರೂ 'ಪ್ರೈಡ್ ಅಂಡ್ ಪ್ರೆಜುಡೀಸ್' ಹೀರೋ ಡಾರ್ಸಿ ಹಿಂದೆ ಹೋಗ್ತಾರೆ, ಅವನನ್ನ ಇವತ್ತು ಬಿಟ್ಬಿಡೋಣ. ನಾನು ಮಾತಾಡೋದು ಅವರ 'ಪರ್ಸುಯೇಷನ್' ಕಾದಂಬರಿ ಬಗ್ಗೆ. ಆಸ್ಟಿನ್ 1817ರ ಜುಲೈನಲ್ಲಿ ತೀರ್ಕೊಂಡ್ರು, ಇದು ಅಚ್ಚಾಗಿ ಬಂದಿದ್ದು ಅದೇ ವರ್ಷದ ಕೊನೆಗೆ.

ಇದ್ರಲ್ಲಿ ಸರ್ ವಾಲ್ಟರ್ ಎಲಿಯಟ್ ಅಂತ ಒಬ್ಬ ಬ್ಯಾರನೆಟ್ ಇದಾನೆ. ಬಿರುದು ಅಪ್ಪನಿಂದ ಮಗನಿಗೆ ಬರುತ್ತೆ ಆದ್ರೆ ಲಾರ್ಡ್ ಅಲ್ಲ, ಹಂಗಾಗಿ ಮೇಲಿನವ್ರನ್ನ ಕಂಡ್ರೆ ಬಗ್ಗೋದು ಕೆಳಗಿನವ್ರನ್ನ ಕಂಡ್ರೆ ಮೂಗು ಮುರಿಯೋದು. ಟೈಮ್ ಪಾಸಿಗೆ ಓದೋದು ಒಂದೇ ಪುಸ್ತಕ, ಬ್ಯಾರನೆಟ್‌ಗಳ ವಂಶಾವಳಿ, ಅದ್ರಲ್ಲೂ ತನ್ನ ಮನೆತನದ ಪುಟ! ಹೆಂಡ್ತಿ ಇರೋ ತನಕ ಮನೆ ಖರ್ಚು ಹಿಡಿತದಲ್ಲಿತ್ತು, ಆಕೆ ಹೋದ್ಮೇಲೆ ಸಾಲವೋ ಸಾಲ. ಖರ್ಚು ಕಮ್ಮಿ ಮಾಡೋಣ ಅಂತ ಕೂತಾಗ ದೊಡ್ಡ ಮಗಳು ಎಲಿಜಬೆತ್ ಮೊದ್ಲು ಕತ್ತರಿ ಹಾಕೋದು ಯಾವುದಕ್ಕೆ ಗೊತ್ತಾ, ದಾನಧರ್ಮಕ್ಕೆ. ಆಮೇಲೆ ಡ್ರಾಯಿಂಗ್ ರೂಮಿನ ಹೊಸ ಫರ್ನಿಚರ್, ಆಮೇಲೆ ಲಂಡನ್ನಿಂದ ತಂಗಿ ಆನ್‌ಗೆ ವರ್ಷಾವರ್ಷ ತರ್ತಿದ್ದ ಗಿಫ್ಟು. ಕುದುರೆ, ಆಳುಕಾಳು, ಊಟದ ಮೇಜು, ಇವನ್ನ ಮುಟ್ಟೋ ಹಂಗಿಲ್ಲ, ಯಾಕಂದ್ರೆ ಅವು ನಾಲ್ಕು ಜನಕ್ಕೆ ಕಾಣೋವು. ನನಗೆ ಇಡೀ ಕಾದಂಬರಿಯ ಕೀಲಿಕೈ ಇದೇ ಅನ್ಸುತ್ತೆ, ಇವನ ಅಂತಸ್ತು ರಕ್ತದಲ್ಲಿದೆ ಅಂತ ಇವನು ಅಂದ್ಕೊಂಡಿದಾನೆ, ಆದ್ರೆ ದಿನಾ ದುಡ್ಡು ಸುರಿದ್ರೇನೇ ಅದು ನಿಲ್ಲೋದು.

ಕೊನೆಗೆ ಮನೆತನದ ಬಂಗಲೆ ಕೆಲಿಂಚ್ ಹಾಲ್ ಬಾಡಿಗೆಗೆ ಕೊಟ್ಟು ಬಾತ್ ಊರಿಗೆ ಹೋಗೋದು ಅಂತಾಯ್ತು, ಅಲ್ಲಿ ಕಮ್ಮಿ ಖರ್ಚಲ್ಲೂ ದೊಡ್ಡಮನುಷ್ಯ ಅನ್ನಿಸ್ಕೋಬಹುದು. ಆದ್ರೆ ಬಾಡಿಗೆಗಿದೆ ಅಂತ ಜಾಹೀರಾತು ಕೊಡೋ ಮಾತೇ ಎತ್ತೋ ಹಂಗಿಲ್ಲ, ಯಾರೋ ಬಂದು ದಮ್ಮಯ್ಯ ಅಂತ ಕೇಳ್ಬೇಕು ಇವನು ಉಪಕಾರ ಮಾಡ್ದಂಗೆ ಕೊಡ್ಬೇಕು. ಬಂದಿದ್ದು ಅಡ್ಮಿರಲ್ ಕ್ರಾಫ್ಟ್. ನೌಕಾಪಡೆ ಬಗ್ಗೆ ಸರ್ ವಾಲ್ಟರ್‌ಗೆ ಎರಡು ತಕರಾರು, ಹೆಸರಿಲ್ಲದ ಮನೆಯವ್ರೂ ಮೇಲೆ ಬಂದ್ಬಿಡ್ತಾರೆ, ಮತ್ತೆ ಬಿಸಿಲಿಗೆ ಮುಖ ಕೆಟ್ಟೋಗುತ್ತೆ. ಅಡ್ಮಿರಲ್ ಬಂದು ಮಾಡಿದ ಕೆಲವೇ ಬದಲಾವಣೆಗಳಲ್ಲಿ ಒಂದು, ಇವನ ಡ್ರೆಸ್ಸಿಂಗ್ ರೂಮಿಂದ ದೊಡ್ಡ ದೊಡ್ಡ ಕನ್ನಡಿ ತೆಗೆಸಿದ್ದು.

ಇನ್ನು ವೆಂಟ್ವರ್ತ್, ಆನ್‌ನ ಮದುವೆ ಆಗ್ಬೇಕು ಅಂತಿದ್ದ ನೌಕಾಪಡೆ ಆಫೀಸರ್. 1806ರಲ್ಲಿ ಆನ್‌ಗೆ 19, ಅವನ ಹತ್ರ ಕಾಸಿಲ್ಲ, ಇದು ಕೀಳು ಸಂಬಂಧ ಅಂದ ಅಪ್ಪ, ಬೇಡಮ್ಮ ಅಂತ ಬುದ್ಧಿ ಹೇಳಿದ್ದು ತೀರ್ಕೊಂಡ ಅಮ್ಮನ ಗೆಳತಿ ಲೇಡಿ ರಸೆಲ್, ಸಂಬಂಧ ಮುರಿದುಬಿತ್ತು. ಎಂಟು ವರ್ಷ ಬಿಟ್ಟು ಕ್ಯಾಪ್ಟನ್ ಆಗಿ, 25,000 ಪೌಂಡ್ ಇಟ್ಕೊಂಡು ವಾಪಸ್ ಬರ್ತಾನೆ. ಅದು ಪ್ರೈಜ್ ಮನಿ, ಯುದ್ಧದಲ್ಲಿ ಶತ್ರು ಹಡಗು ಹಿಡಿದ್ರೆ ಅದರ ಬೆಲೆ ಹಡಗಿನವ್ರಿಗೆ ಹಂಚ್ತಿದ್ರು, ಕ್ಯಾಪ್ಟನ್‌ಗೆ ದೊಡ್ಡ ಪಾಲು. ಆಸ್ಟಿನ್ ಅವರ ಅಣ್ಣ-ತಮ್ಮಂದಿರಲ್ಲಿ ಇಬ್ಬರು, ಫ್ರಾನ್ಸಿಸ್ ಮತ್ತೆ ಚಾರ್ಲ್ಸ್, ನೌಕಾಪಡೆಯಲ್ಲಿದ್ರು, ಈ ಲೆಕ್ಕಾಚಾರ ಆಸ್ಟಿನ್‌ಗೆ ಚೆನ್ನಾಗೇ ಗೊತ್ತಿತ್ತು.

ಹುಟ್ಟಿಗಿಂತ ಯೋಗ್ಯತೆ ಗೆಲ್ತು ಅಂತ ವಿಮರ್ಶಕರು ಹೇಳೋದು ನಾನು ಅರ್ಧ ಮಾತ್ರ ಒಪ್ತೀನಿ. ಯೋಗ್ಯತೆ 1806ರಲ್ಲೂ ಇತ್ತಲ್ವಾ? ಕೊನೆಗೆ ಆನ್‌ಗೂ ವೆಂಟ್ವರ್ತ್‌ಗೂ ಮದುವೆ ಆಗುತ್ತೆ, ಆದ್ರೆ ಶತ್ರು ಹಡಗು ಸಿಗದೇ ಇದ್ದಿದ್ರೆ ಸರ್ ವಾಲ್ಟರ್ ಆ ವಂಶಾವಳಿ ಪುಸ್ತಕದಲ್ಲಿ ಅವನ ಹೆಸರು ಬರ್ಕೋತಾ ಇದ್ನಾ? ಇಷ್ಟಕ್ಕೂ ಆನ್‌ಗೆ ಮುಂದೆ ಸೇರ್ಬೇಕಾದ ಪಾಲು 10,000 ಪೌಂಡು, ಮದುವೆ ಹೊತ್ತಿಗೆ ಅಪ್ಪನ ಕೈಲಿ ಕೊಡೋಕಾಗಿದ್ದು ಅದ್ರಲ್ಲಿ ಒಂದು ಚೂರು. ಬಾತ್‌ನ ಬಡ ವಿಧವೆ ಮಿಸೆಸ್ ಸ್ಮಿತ್ ವಿಷ್ಯ ಬಾಕಿ ಇದೆ, ಅದನ್ನ ಪ್ರಶ್ನೋತ್ತರದಲ್ಲಿ ಯಾರಾದ್ರೂ ಕೇಳಿ.