ಕೇಳದೇ ಡೇಟಾ ತಿದ್ದುವ ಸ್ಪ್ರೆಡ್‌ಶೀಟ್: ಇದನ್ನು ಸರಿಮಾಡೋದು ಹೇಗೆ?

[ಪರದೆ: ಖಾಲಿ ಶೀಟ್]

ನಮಸ್ಕಾರ. ಎಕ್ಸೆಲ್ ತೆರೆದು ಒಂದು ಸೆಲ್‌ನಲ್ಲಿ 1234567890123456 ಅಂತ ಟೈಪ್ ಮಾಡಿ, ಎಂಟರ್ ಒತ್ತಿ. ಈಗ ಅದೇ ಸೆಲ್ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಬಾರ್ ನೋಡಿ. ಕೊನೆಯ 6 ಹೋಗಿ 0 ಬಂದಿದೆ, ಅಲ್ವಾ? ಎಕ್ಸೆಲ್ ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದು ಕಾರ್ಡ್ ನಂಬರ್ ಆಗಿದ್ದರೆ ಹಾಳಾಯಿತು ಅಂತಲೇ ಲೆಕ್ಕ. ಸೇವ್ ಮಾಡಿದ ಮೇಲೆ ಆ 6 ಮತ್ತೆ ಸಿಗುವುದಿಲ್ಲ.

ನನ್ನ ತಕರಾರು ಇಷ್ಟೇ. ಮಿತಿ ಇರಲಿ, ಆದರೆ ಬಾಯಿಬಿಟ್ಟು ಹೇಳಬೇಕು.

[ಪರದೆ: ಎಸ್‌ಇಪಿಟಿ2 (SEPT2) ಟೈಪ್ ಮಾಡಿದ ಕೂಡಲೇ ತಾರೀಖು ಆಗುತ್ತದೆ]

ಎಸ್‌ಇಪಿಟಿ2 ಒಂದು ಜೀನ್ ಹೆಸರಾಗಿತ್ತು. ಎಕ್ಸೆಲ್ ಅದನ್ನು ಸೆಪ್ಟೆಂಬರ್ 2 ಅಂದುಕೊಂಡಿತು. ವರ್ಷಗಟ್ಟಲೆ ಸಂಶೋಧಕರ ಪಟ್ಟಿಗಳಲ್ಲಿ ಈ ತಪ್ಪು ಸೇರುತ್ತಲೇ ಹೋಯಿತು. ಕೊನೆಗೆ 2020ರಲ್ಲಿ ಜೀನ್ ಹೆಸರನ್ನೇ ಸೆಪ್ಟಿನ್2 ಅಂತ ಬದಲಾಯಿಸಬೇಕಾಯಿತು! ಇಂಥ ಪರಿವರ್ತನೆ ನಿಲ್ಲಿಸುವ ಆಯ್ಕೆ ಎಕ್ಸೆಲ್‌ನಲ್ಲಿ ಎಲ್ಲರಿಗೂ ಸಿಕ್ಕಿದ್ದು 2023ರಲ್ಲಿ.

ಇನ್ನೊಂದು ಇದಕ್ಕಿಂತ ಗಂಭೀರ. 2020ರಲ್ಲಿ ಇಂಗ್ಲೆಂಡ್‌ನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಆ ಪಟ್ಟಿ ಇದ್ದದ್ದು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಫೈಲ್‌ನಲ್ಲಿ, ಅದರಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಮಿಕ್ಕಿದ್ದು ಸುಮ್ನೆ ಕಾಣೆಯಾಯಿತು. ಆ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸವೂ ತಡವಾಯಿತು. ಈಗಿನ ಶೀಟ್‌ನಲ್ಲಿ 10,48,576 ಸಾಲು ಇವೆ. ಕಂಪ್ಯೂಟರ್‌ಗಳು ತಾವೇ ಬರೆದಿಡುವ ಇವತ್ತಿನ ಲಾಗ್ ಫೈಲ್‌ಗಳಿಗೆ ಅದೂ ಸಾಲದು.

ಹಾಗಾದರೆ ಏನು ಮಾಡಬೇಕು? ಸಿಎಸ್‌ವಿ, ಅಂದರೆ ಮೌಲ್ಯಗಳನ್ನು ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಫೈಲ್‌ನಲ್ಲಿ ಇರೋದು ಬರೀ ಅಕ್ಷರಗಳು. ಯಾವುದು ತಾರೀಖು, ಯಾವುದು ಕೋಡ್ ಅಂತ ಅದರಲ್ಲಿ ಬರೆದಿರುವುದಿಲ್ಲ. ಅದಕ್ಕೇ ಸಾಫ್ಟ್‌ವೇರ್ ಊಹೆ ಮಾಡುತ್ತದೆ. ಪಾರ್ಕೆ (Parquet) ಥರದ ಡೇಟಾ ಫೈಲ್‌ನಲ್ಲಿ ಪ್ರತಿ ಕಾಲಂನ ಟೈಪ್, ಅಂದರೆ ಅದು ತಾರೀಖೋ ಸಂಖ್ಯೆಯೋ ಅಕ್ಷರವೋ ಅನ್ನೋದು, ಜೊತೆಗೇ ಬರುತ್ತದೆ, ಬೇಕಾದ ಕಾಲಂ ಮಾತ್ರ ಓದಬಹುದು. ಇಂಥ ಫೈಲ್ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವಂತಿರಬೇಕು.

[ಪರದೆ: ಪವರ್ ಕ್ವೆರಿ, ಬಲಬದಿಯ ಹೆಜ್ಜೆಗಳ ಪಟ್ಟಿ]

ದಾರಿ ಎಕ್ಸೆಲ್ ಒಳಗೇ ಇದೆ, ನೋಡಿ. ಹೊರಗಿನ ಫೈಲ್‌ಗಳಿಂದ ಡೇಟಾ ತರುವ ಎಕ್ಸೆಲ್‌ನ ಸಾಧನವಾದ ಪವರ್ ಕ್ವೆರಿಯೂ ಟೈಪ್ ಊಹಿಸುತ್ತದೆ. ಆದರೆ ಆ ಊಹೆ ಇಲ್ಲಿ 'ಚೇಂಜ್ಡ್ ಟೈಪ್' ಅನ್ನೋ ಹೆಜ್ಜೆಯಾಗಿ ಕಣ್ಣಿಗೆ ಕಾಣುತ್ತದೆ. ಮೂಲ ಫೈಲ್ ಹಾಗೇ ಇರುತ್ತದೆ. ಸಾಮಾನ್ಯ ಶೀಟ್‌ನಲ್ಲೂ ಇದೇ ನಡೆಯಬೇಕು ಅನ್ನೋದು ನನ್ನ ಆಸೆ.

ಅಲ್ಲಿಯವರೆಗೆ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಬೇಡಿ. ಡೇಟಾ ಟ್ಯಾಬ್‌ನಿಂದ ಪವರ್ ಕ್ವೆರಿಗೆ ತಂದು, ಆ 'ಚೇಂಜ್ಡ್ ಟೈಪ್' ಹೆಜ್ಜೆ ಅಳಿಸಿ, ಆಮೇಲೆ ಲೋಡ್ ಮಾಡಿ.